ಕೈ ನಡುಗಿತೇ, ಡಾಕ್ಟ್ರೇ?

ನಮ್ಮ ಕೂಟದ ವನಭೋಜನದಲ್ಲಿ ನಾನು ತೆಗೆದ ಕಪ್ಪು-ಬಿಳುಪು ಚಿತ್ರವೊಂದನ್ನು ನೋಡಿ ಹಿರಿಯ ಸದಸ್ಯೆಯೊಬ್ಬರು, "ಕೆರೆ ಚೆನ್ನಾಗಿ ಬಂದಿದೆ. ಮುಂದಿನ ಹೂವೆಲ್ಲ ಮಸುಕಾಗಿದೆಯಲ್ಲ! ಕೈ ನಡುಗಿತೇ, ಡಾಕ್ಟ್ರೇ?" ಎಂದು ಕೇಳಿದರು. ಆಗ ನಕ್ಕು ಸುಮ್ಮನಾದೆ. ಆದರೆ ಮುನ್ನೆಲೆಯ ಈ ಮಸುಕಿನ ಬಗ್ಗೆಯೇ ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನಲ್ಲಿ ದೊಡ್ಡ ಜಗಳ ನಡೆದಿತ್ತು. ಅದನ್ನು ಹೂಡಿದವನೂ ಒಬ್ಬ ವೈದ್ಯನೇ.

ಅವನ ಹೆಸರು ಪೀಟರ್ ಹೆನ್ರಿ ಎಮರ್ಸನ್. 1856ರಲ್ಲಿ ಕ್ಯೂಬಾದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ವೈದ್ಯಕೀಯ ಓದಿ, ಕೊನೆಗೆ ವೃತ್ತಿಯನ್ನೇ ಬಿಟ್ಟು ನಾರ್ಫೋಕ್‌ನ ಜೌಗು ನೆಲದಲ್ಲಿ ಕ್ಯಾಮೆರಾ ಹೊತ್ತು ತಿರುಗಿದವನು. (ನಮ್ಮ ಮನೆಯಲ್ಲಾಗಿದ್ದರೆ ತಂದೆಯವರು ಏನೆನ್ನುತ್ತಿದ್ದರೋ!) ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಬಗ್ಗೆ ಬರೆದದ್ದನ್ನು ಆಧಾರವಾಗಿಟ್ಟುಕೊಂಡು, 1889ರಲ್ಲಿ 'ನ್ಯಾಚುರಲಿಸ್ಟಿಕ್ ಫೋಟೋಗ್ರಫಿ' ಎಂಬ ಪುಸ್ತಕ ಬರೆದ. ರೆಟಿನಾದ ನಡುವಿನ ಫೋವಿಯಾ ಎಂಬ ಪುಟ್ಟ ಕುಳಿಯಿಂದ ಮಾತ್ರ ನಮಗೆ ಸ್ಪಷ್ಟವಾಗಿ ಕಾಣುವುದು. ಕೈ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿ. ಚೊಕ್ಕವಾಗಿ ಕಾಣುವ ಭಾಗ ಹೆಚ್ಚು ಕಡಿಮೆ ಅಷ್ಟೇ. ಆದ್ದರಿಂದ ಚಿತ್ರದಲ್ಲಿಯೂ ಮುಖ್ಯ ವಸ್ತು ಸ್ಪಷ್ಟವಾಗಿರಲಿ, ಉಳಿದದ್ದು ತುಸು ಮೃದುವಾಗಿರಲಿ ಎಂಬುದು ಅವನ ವಾದ.

ಹೆನ್ರಿ ಪೀಚ್ ರಾಬಿನ್ಸನ್ ಇದನ್ನು ಒಪ್ಪಲಿಲ್ಲ. ಆರೋಗ್ಯವಂತನ ಕಣ್ಣಿಗೆ ದೃಶ್ಯದ ಯಾವ ಭಾಗವೂ ಮಸುಕಾಗಿ ಕಾಣುವುದಿಲ್ಲ ಎಂದ. ವೈದ್ಯನಾಗಿ ನನಗೆ ಇಬ್ಬರದೂ ಅರ್ಧ ಸರಿ ಎನಿಸುತ್ತದೆ. ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಾಗ ಬದಲಿಸುತ್ತದೆ, ಹೋದಲ್ಲೆಲ್ಲ ಫೋಕಸ್ ಮಾಡಿಕೊಳ್ಳುತ್ತದೆ (ಚಾಳೀಸು ಬರುವವರೆಗೆ!). ಕಾಗದದ ಮೇಲಿನ ಮಸುಕನ್ನು ಮಾತ್ರ ಎಷ್ಟು ದಿಟ್ಟಿಸಿದರೂ ಸರಿಮಾಡಲಾಗದು. ಆದರೆ ಎಮರ್ಸನ್ನನ ಪರವಾಗಿಯೂ ಒಂದು ಮಾತುಂಟು. ಕಪ್ಪು-ಬಿಳುಪಿನಲ್ಲಿ ಹಸಿರು ಎಲೆಯೂ ಕೆಂಪು ಹೂವೂ ಒಂದೇ ಬೂದುಬಣ್ಣವಾಗಿಬಿಡಬಹುದು. ಮುಂದಿನದನ್ನು ಹಿಂದಿನದರಿಂದ ಬೇರ್ಪಡಿಸಲು ಆಗ ಮಸುಕು ನೆರವಾಗುತ್ತದೆ.

1890ರಲ್ಲಿ ಎಮರ್ಸನ್ ತಾನೇ ಕಪ್ಪು ಅಂಚಿನ ಕರಪತ್ರ ಅಚ್ಚು ಹಾಕಿಸಿ ನ್ಯಾಚುರಲಿಸ್ಟಿಕ್ ಫೋಟೋಗ್ರಫಿಯ 'ಸಾವು' ಸಾರಿದ. ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬುವರ ಪ್ರಯೋಗಗಳನ್ನು ನೋಡಿ, ನೆರಳು-ಬೆಳಕಿನ ಅನುಪಾತ ಛಾಯಾಗ್ರಾಹಕನ ಹಿಡಿತದಲ್ಲಿಲ್ಲ, ಆದ್ದರಿಂದ ಇದು ಕಲೆಯಲ್ಲ ಎಂದುಕೊಂಡ. ಅವಸರದ ತೀರ್ಮಾನ. ಆದರೂ ಹೀಗೆ ಬಹಿರಂಗವಾಗಿ ತಪ್ಪೊಪ್ಪಿಕೊಳ್ಳುವ ಎದೆ ನಮ್ಮ ವೃತ್ತಿಯಲ್ಲಿ ಎಷ್ಟು ಮಂದಿಗಿದೆ? ಚಿತ್ರ ತೆಗೆಯುವುದನ್ನಂತೂ ಅವನು ಬಿಡಲಿಲ್ಲ.

ಇನ್ನೊಂದು ತುದಿ ಕ್ಯಾಲಿಫೋರ್ನಿಯಾದ್ದು. 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಸಾನ್ ಫ್ರಾನ್ಸಿಸ್ಕೋದಲ್ಲಿ ಪ್ರದರ್ಶನ ನಡೆಸಿ, ತಮ್ಮ ಗುಂಪಿಗೆ 'ಎಫ್/64' ಎಂದು ಹೆಸರಿಟ್ಟರು. ಅದು ಲೆನ್ಸಿನ ಅತಿ ಕಿರಿದಾದ ಕಿಂಡಿ. 300 ಮಿ.ಮೀ. ಲೆನ್ಸನ್ನು 64ರಿಂದ ಭಾಗಿಸಿದರೆ 4.7 ಮಿ.ಮೀ., ಒಂದು ತೊಗರಿಬೇಳೆಯಷ್ಟು. ಕಿಂಡಿ ಕಿರಿದಾದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಕನ್ನಡಕ ಮರೆತು ಬಂದ ರೋಗಿಗೆ ತೂತಿನ ಬಿಲ್ಲೆ ಹಿಡಿದು ಅಕ್ಷರ ಓದಿಸುತ್ತೇವಲ್ಲ, ಅದೇ ತತ್ವ. ಆದರೆ ಎಫ್/8ಕ್ಕಿಂತ 64 ಪಟ್ಟು ಹೆಚ್ಚು ಹೊತ್ತು ಬೆಳಕು ಬಿಡಬೇಕು. ಅಷ್ಟರಲ್ಲಿ ಗಾಳಿ ಬೀಸಿದರೆ ಮುಂದಿನ ಹುಲ್ಲು ಬೇರೊಂದು ರೀತಿಯಲ್ಲಿ ಮಸುಕಾಗುತ್ತದೆ.

ಬಂಡೆಗಳಿಗೆ ಆ ಭಯವಿಲ್ಲ. ಆಡಮ್ಸ್ 1944ರಲ್ಲಿ ಮಾಂಜನಾರ್ ಬಳಿ ತೆಗೆದ ಮೌಂಟ್ ವಿಲಿಯಮ್ಸನ್ ಚಿತ್ರದಲ್ಲಿ ಮುಂದಿನ ಗುಂಡುಕಲ್ಲಿನಿಂದ ದೂರದ ಶಿಖರದವರೆಗೆ ಎಲ್ಲವೂ ಸ್ಪಷ್ಟ. ಯುದ್ಧಕಾಲದಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ್ದ ಶಿಬಿರವಿದ್ದುದು ಅಲ್ಲಿಯೇ. ಆ ಮುನ್ನೆಲೆಯ ಕಲ್ಲುಗಳನ್ನು ಮಸುಕು ಮಾಡಿದ್ದರೆ ಉಳಿಯುತ್ತಿದ್ದುದು ಬರೀ ಸುಂದರ ಬೆಟ್ಟ.

ಇನ್ನು ನನ್ನ ಚಿತ್ರ. 50 ಮಿ.ಮೀ. ಲೆನ್ಸು ಎಫ್/16ರಲ್ಲಿದ್ದು, ಸುಮಾರು ಐದು ಮೀಟರಿಗೆ ಫೋಕಸ್ ಮಾಡಿದರೆ ಎರಡೂವರೆ ಮೀಟರಿನಾಚೆಗೆಲ್ಲ ಸ್ಪಷ್ಟವಾಗಿ ಬರುತ್ತದೆ. ಹೂವುಗಳಿದ್ದುದು ಒಂದೇ ಮೀಟರು ದೂರದಲ್ಲಿ. ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕಿತ್ತು. ಹಿಂದೆ ಬಿಸಿಬೇಳೆಭಾತಿನ ಪಾತ್ರೆಯಿತ್ತು, ಸರಿಯಲಿಲ್ಲ. ಕೈ ನಡುಗಿರಲಿಲ್ಲ, ತಾಯೀ.