ಕ್ಯಾನ್ವಾಸ್‌ಬ್ಯಾಕ್ ಬಾತು ಮತ್ತು ಬೇಟೆಯ ಕಟ್ಟಳೆಗಳು

ಕಾಯಿದೆಗಳ ಇತಿಹಾಸವನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಮನುಷ್ಯರ ನಡುವಣ ವ್ಯಾಜ್ಯಗಳನ್ನೇ ಗಮನಿಸುತ್ತೇವೆ. ಯಾವ ಪ್ರಾಣಿಯ ಸಲುವಾಗಿ ಕಾಯಿದೆ ಹುಟ್ಟಿತೋ ಅದರ ಜೀವನಕ್ರಮವನ್ನು ಪ್ರಾಣಿಶಾಸ್ತ್ರಜ್ಞರಿಗೆ ಬಿಟ್ಟುಬಿಡುವುದು ವಾಡಿಕೆ. ಈ ವಾಡಿಕೆ ಎಷ್ಟು ಅಸಮರ್ಪಕವೆಂಬುದನ್ನು ಉತ್ತರ ಅಮೆರಿಕದ ಕ್ಯಾನ್ವಾಸ್‌ಬ್ಯಾಕ್ ಎಂಬ ಮುಳುಗುಬಾತಿನ ವೃತ್ತಾಂತ ತೋರಿಸಿಕೊಡುತ್ತದೆ. ಮಾರಾಟದ ಬೇಟೆಗಾರರು ಈ ಹಕ್ಕಿಯ ಸಂತತಿಯನ್ನು ಸವೆಯಿಸಿದರು, ಕಾಯಿದೆ ಅದನ್ನು ಉಳಿಸಿತು ಎಂದು ಹೇಳುವುದುಂಟು. ಈ ಮಾತು ಅರ್ಧ ಮಾತ್ರ ನಿಜವೆಂಬುದು ನಮ್ಮ ಅಭಿಪ್ರಾಯ.

ಮೊದಲು ಹಕ್ಕಿಯ ಪರಿಚಯ ಅವಶ್ಯಕ. ಗಂಡಿನ ತಲೆ ಕೆಂಗಂದು, ಎದೆ ಕಪ್ಪು, ಬೆನ್ನು ಗುಡಾರದ ದಪ್ಪ ಬಟ್ಟೆಯಂತೆ ಬೂದುಮಿಶ್ರಿತ ಬಿಳುಪು. ಹೆಸರು ಬಂದಿರುವುದು ಈ ಬೆನ್ನಿನಿಂದಲೇ. ಕಾಲುಗಳು ದೇಹದ ಹಿಂಭಾಗದಲ್ಲಿರುವುದರಿಂದ ನೆಲದ ಮೇಲಿನ ನಡಿಗೆ ತೊಡಕಿನದು. ನೀರಿನಲ್ಲಿ ಮುಳುಗುವುದು ಸಲೀಸು. ತಳದ ಕೆಸರನ್ನು ಬಗೆದು ಗೆಡ್ಡೆಗಳನ್ನು ತಿನ್ನುವುದು ಇದರ ಮುಖ್ಯ ವೃತ್ತಿ. ಆ ನಾಡಿನವರು ಕಾಡುಸೆಲರಿ ಎಂದು ಕರೆಯುವ ವ್ಯಾಲಿಸ್ನೇರಿಯ ಎಂಬ ನೀರುಹುಲ್ಲಿನ ಚಳಿಗಾಲದ ಮೊಗ್ಗುಗಳೆಂದರೆ ಇದಕ್ಕೆ ಬಲು ಪ್ರೀತಿ. 1814ರಲ್ಲಿ ಅಲೆಕ್ಸಾಂಡರ್ ವಿಲ್ಸನ್ನನು ಹಕ್ಕಿಗೆ ಶಾಸ್ತ್ರೀಯ ನಾಮಕರಣ ಮಾಡಿದಾಗ ಆ ಹುಲ್ಲಿನ ಹೆಸರನ್ನೇ ಇಟ್ಟನು. ಹಕ್ಕಿಯ ಬಾಳು ಒಂದು ಸಸ್ಯಕ್ಕೆ ಎಷ್ಟು ಅಂಟಿಕೊಂಡಿತ್ತೆಂಬುದಕ್ಕೆ ಈ ಹೆಸರೇ ಸಾಕ್ಷಿ.

ಈ ಹುಲ್ಲು ಹೇರಳವಾಗಿದ್ದ ಸ್ಥಳಗಳಲ್ಲಿ ಮುಖ್ಯವಾದುದು ಮೇರಿಲೆಂಡಿನ ಚೆಸಪೀಕ್ ಕೊಲ್ಲಿ, ಅದರಲ್ಲಿಯೂ ಸಸ್ಕ್ವೆಹಾನಾ ನದಿಯ ಮುಖದ ತಗ್ಗುನೀರು. ಹುಲ್ಲು ತಿಂದು ಕೊಬ್ಬಿದ ಬಾತಿನ ಮಾಂಸಕ್ಕೆ 19ನೆಯ ಶತಮಾನದಲ್ಲಿ ಪೂರ್ವತೀರದ ನಗರಗಳ ಭೋಜನಶಾಲೆಗಳಲ್ಲಿ ಅಪಾರ ಬೆಲೆಯಿತ್ತು. ರೈಲು ಮಾರ್ಗಗಳು ಬಂದಮೇಲೆ ಬೇಟೆ ಉದ್ಯಮವೇ ಆಯಿತು. ದೋಣಿಗೆ ಕಟ್ಟಿದ ಭಾರಿ ಕೋವಿಗಳಿಂದ ರಾತ್ರಿಯ ವೇಳೆ ಹಿಂಡುಗಳ ಮೇಲೆ ಗುಂಡು ಹಾರಿಸುತ್ತಿದ್ದರು. ಹಗಲಿನಲ್ಲಿ, ನೀರಿನ ಮಟ್ಟಕ್ಕೆ ಇಳಿಯುವ ಪೆಟ್ಟಿಗೆಯಲ್ಲಿ ಮಲಗಿ, ಸುತ್ತಲೂ ಮರದ ಹುಸಿಬಾತುಗಳನ್ನು ತೇಲಿಬಿಟ್ಟು ಕಾಯುತ್ತಿದ್ದರು.

ಇದನ್ನು ತಡೆಯಲು ಹೊರಟಾಗ ಎದುರಾದ ಪ್ರಶ್ನೆ, ಈ ಹಕ್ಕಿ ಯಾರದು ಎಂಬುದು. ಕಾಡುಪ್ರಾಣಿಗಳ ಸ್ವಾಮ್ಯ ಆಯಾ ರಾಜ್ಯದ್ದೆಂದು ಸರ್ವೋಚ್ಚ ನ್ಯಾಯಾಲಯ 1896ರಲ್ಲಿ ಹೇಳಿತ್ತು. ಆದರೆ ಕೆನಡಾದಲ್ಲಿ ಮರಿಮಾಡಿ, ಹಲವು ರಾಜ್ಯಗಳನ್ನು ದಾಟಿ ಚೆಸಪೀಕಿಗೆ ಬರುವ ಬಾತು ಯಾವ ರಾಜ್ಯದ ಸ್ವತ್ತು? ರಾಜ್ಯದ ಕಾಯಿದೆಗೆ ವಿರುದ್ಧವಾಗಿ ಕೊಂದ ಬೇಟೆಯನ್ನು ಅನ್ಯ ರಾಜ್ಯಗಳಿಗೆ ಸಾಗಿಸುವುದನ್ನು 1900ರ ಲೇಸಿ ಕಾಯಿದೆ ನಿಷೇಧಿಸಿತು. ವಲಸೆಹಕ್ಕಿಗಳ ರಕ್ಷಣೆಯನ್ನು ಕೇಂದ್ರಕ್ಕೆ ವಹಿಸಿದ 1913ರ ಕಾಯಿದೆಯು ಸಂವಿಧಾನಬಾಹಿರವೆಂದು ಕೆಳಗಿನ ನ್ಯಾಯಾಲಯಗಳಲ್ಲಿ ತೀರ್ಪಾಯಿತು. ಆಗ ಬೇರೆ ದಾರಿ ಹಿಡಿಯಲಾಯಿತು. 1916ರಲ್ಲಿ ಕೆನಡಾದ ಪರವಾಗಿ ಬ್ರಿಟನ್ ಸಹಿ ಹಾಕಿದ ಒಪ್ಪಂದವೂ, ಅದನ್ನು ಜಾರಿಗೆ ತಂದ 1918ರ ಕಾಯಿದೆಯೂ ಹೊರಟವು. ಬಾತುಗಳ ಬೇಟೆಯ ಅವಧಿ ವರ್ಷಕ್ಕೆ ಮೂರೂವರೆ ತಿಂಗಳನ್ನು ಮೀರಕೂಡದೆಂದು ಗೊತ್ತಾಯಿತು. ಮಾರಾಟಕ್ಕಾಗಿ ಕೊಲ್ಲುವುದು ನಿಂತಿತು. ಮಿಸೂರಿ ರಾಜ್ಯವು ಇದನ್ನು ಪ್ರಶ್ನಿಸಿದಾಗ, ಯಾರ ವಶದಲ್ಲಿಯೂ ನಿಲ್ಲದ ಹಕ್ಕಿಯ ಮೇಲೆ ಸ್ವಾಮ್ಯ ಹೂಡುವ ವಾದ ದುರ್ಬಲವೆಂದು ನ್ಯಾಯಮೂರ್ತಿ ಹೋಮ್ಸ್ 1920ರಲ್ಲಿ ತೀರ್ಮಾನಿಸಿದರು. ಹೀಗೆ ಬಾತಿನ ವಲಸೆಯು ಒಂದು ರಾಷ್ಟ್ರದ ಸಂವಿಧಾನದ ಅರ್ಥವನ್ನೇ ವಿಸ್ತರಿಸಿತು.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಕ್ಯಾನ್ವಾಸ್‌ಬ್ಯಾಕ್ ಗೂಡು ಕಟ್ಟುವುದು ಉತ್ತರದ ಹುಲ್ಲುಗಾವಲಿನ ಹೊಂಡಗಳಲ್ಲಿ, ನೀರಿನಲ್ಲಿ ನಿಂತ ಆಪಿನ ಗಿಡಗಳ ನಡುವೆ. ಹೊಂಡ ಬತ್ತಿದ ವರ್ಷ ಗೂಡಿಲ್ಲ. 1930ರ ದಶಕದ ಬರಗಾಲದಲ್ಲಿ ಬಾತುಗಳ ಸಂಖ್ಯೆ ಕುಸಿಯಿತು. 1935ರಲ್ಲಿ ತೇಲುಪೆಟ್ಟಿಗೆ, ಕಾಳು ಎರಚಿ ಹಕ್ಕಿ ಕರೆಯುವುದು, ಜೀವಂತ ಬಾತುಗಳನ್ನು ಸೆಳೆಗಳಾಗಿ ಕಟ್ಟುವುದು, ಇವೆಲ್ಲ ನಿಷಿದ್ಧವಾದವು; 1936ರಲ್ಲಿ ಕ್ಯಾನ್ವಾಸ್‌ಬ್ಯಾಕ್ ಬೇಟೆಯನ್ನೇ ನಿಲ್ಲಿಸಲಾಯಿತು. ಆದರೆ ಕೋವಿಯನ್ನು ಕಟ್ಟಿಹಾಕಿದ ಮಾತ್ರಕ್ಕೆ ಹೊಂಡದಲ್ಲಿ ನೀರು ತುಂಬದು. ಈ ಸತ್ಯವನ್ನು ಗ್ರಹಿಸಿದ ಕಾಯಿದೆಯೆಂದರೆ 1934ರ ಬಾತಿನ ಅಂಚೆಚೀಟಿಯ ಕಾಯಿದೆ. ಅದರಂತೆ ಪ್ರತಿಯೊಬ್ಬ ವಯಸ್ಕ ಬೇಟೆಗಾರನೂ ಒಂದು ಡಾಲರಿನ ಚೀಟಿ ಕೊಳ್ಳಬೇಕಾಯಿತು. ಆ ಹಣ ಜೌಗುನೆಲಗಳನ್ನು ಪಡೆಯುವುದಕ್ಕೆ ಮೀಸಲಾಯಿತು. 1958ರ ತಿದ್ದುಪಡಿಯಿಂದ ಹುಲ್ಲುಗಾವಲಿನ ಸಣ್ಣ ಹೊಂಡಗಳಿಗೂ ಅದು ಅನ್ವಯಿಸಿತು. ವಿಪರ್ಯಾಸವೆಂದರೆ, ಎರಡನೆಯ ಮಹಾಯುದ್ಧದ ತರುವಾಯ ಸರ್ಕಾರದ ಕೃಷಿ ಸಹಾಯಧನದಿಂದಲೇ ಅಂತಹ ಅನೇಕ ಹೊಂಡಗಳ ನೀರನ್ನು ಕಾಲುವೆ ತೋಡಿ ಬಸಿಯಲಾಗುತ್ತಿತ್ತು. ಒಂದು ಕೈ ಕೊಂಡದ್ದನ್ನು ಇನ್ನೊಂದು ಕೈ ಬರಿದು ಮಾಡಿತು.

ಕೊಲ್ಲಿಯಲ್ಲಿ ನಡೆದದ್ದೂ ಇಂತಹುದೇ. ನಗರಗಳ ಚರಂಡಿನೀರು, ಹೊಲಗಳ ಗೊಬ್ಬರ ಮತ್ತು ಹೂಳುಗಳಿಂದ ನೀರು ಕದಡಿ, ಬಿಸಿಲು ತಳಮುಟ್ಟದೆ ಕಾಡುಸೆಲರಿ ಕ್ಷೀಣಿಸಿತ್ತು. 1972ರ ಜೂನ್ ತಿಂಗಳಲ್ಲಿ ಆಗ್ನೆಸ್ ಚಂಡಮಾರುತದ ಪ್ರವಾಹ ಹೂಳನ್ನು ತಂದು ಸುರಿದಾಗ ಉಳಿದ ಹುಲ್ಲಿನ ಬಹುಭಾಗ ನಾಶವಾಯಿತು. ಕೊಲ್ಲಿಗೆ ಬರುವ ಹಕ್ಕಿಗಳ ಸಂಖ್ಯೆ ಇಳಿಯಿತು. ಬಂದವು ಹುಲ್ಲು ಬಿಟ್ಟು ಸಣ್ಣ ಚಿಪ್ಪುಜೀವಿಗಳನ್ನು ತಿಂದು ಬದುಕಿದವು. ಹೂಳಿಗೆ ಬೇಟೆಯ ಕಟ್ಟಳೆಯೇನು ಮಾಡೀತು?

1955ರಿಂದ ನಡೆದುಬಂದ ವಿಮಾನಗಣತಿಯೂ ಇದನ್ನೇ ಸಮರ್ಥಿಸುತ್ತದೆ. ಮುಂದಿನ ವರ್ಷದ ಸಂತತಿ 5 ಲಕ್ಷಕ್ಕಿಂತ ಕಡಮೆಯಾಗುವ ಸಂಭವವಿದ್ದರೆ ಬೇಟೆ ಕೂಡದೆಂಬ ನೀತಿ 1994ರಲ್ಲಿ ಗೊತ್ತಾಯಿತು. ಅದರಂತೆ 2002ರಲ್ಲಿಯೂ 2008ರಲ್ಲಿಯೂ ಬೇಟೆ ನಿಂತಿತು. 2007ರಲ್ಲಿ ಸುಮಾರು 8.65 ಲಕ್ಷವಿದ್ದ ಎಣಿಕೆ ಮರುವರ್ಷ 5 ಲಕ್ಷದೊಳಕ್ಕೆ ಇಳಿದಿತ್ತು. ಕಟ್ಟುನಿಟ್ಟಿನ ಮಿತಿಯೊಳಗಿದ್ದ ಬೇಟೆಯೊಂದರಿಂದಲೇ ಒಂದು ವರ್ಷದಲ್ಲಿ ಇಷ್ಟು ಇಳಿತ ಆಗಿರಲಾರದು. ಉತ್ತರದ ನೆಲದ ತೇವವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾಯಿದೆ ವ್ಯರ್ಥವೆಂದು ಇದರಿಂದ ತೀರ್ಮಾನಿಸಲಾಗದು. ಮಾರಾಟದ ಬೇಟೆ ನಿಲ್ಲದಿದ್ದರೆ ಬರಗಾಲವನ್ನು ದಾಟುವಷ್ಟು ಹಕ್ಕಿಗಳು ಉಳಿಯುತ್ತಿದ್ದವೆಂಬ ಭರವಸೆಯಿಲ್ಲ. ಆದರೆ ಕೊಲ್ಲುವ ಕೈಯನ್ನು ತಡೆಯುವುದು ಒಂದು ಕೆಲಸ, ಬದುಕುವ ನೆಲೆಯನ್ನು ಕಾಯುವುದು ಇನ್ನೊಂದು. ಮೊದಲನೆಯದು ಕೆಲವು ವರ್ಷಗಳಲ್ಲಿ ಸಾಧ್ಯವಾಯಿತು. ಎರಡನೆಯದು ರೈತ, ನಗರಸಭೆ, ಕಾರ್ಖಾನೆ ಎಲ್ಲರನ್ನೂ ಮುಟ್ಟುವ ಕಾರಣ ಇನ್ನೂ ಅಪೂರ್ಣವಾಗಿಯೇ ಇದೆ. ಪ್ರಾಣಿರಕ್ಷಣೆಯ ಯಾವುದೇ ಕಾಯಿದೆಯ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಯು, ಆ ಕಾಯಿದೆ ಏನನ್ನು ನಿಷೇಧಿಸಿತೆಂದು ಕೇಳುವುದರ ಜೊತೆಗೆ, ಆ ಪ್ರಾಣಿ ಏನನ್ನು ತಿಂದು ಎಲ್ಲಿ ಮರಿಮಾಡುತ್ತಿತ್ತೆಂದೂ ಕೇಳುವುದು ಅವಶ್ಯಕ.