ತುಮಕೂರು ರಸ್ತೆಯ ನೋಜಲ್

ಇಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಷನ್ ಅಂದರೆ ಮೊನ್ನೆ ಬಂದ ವಿದ್ಯೆ ಅಂತ ನಮ್ಮ ಗ್ಯಾರೇಜಿನ ಹುಡುಗರು ಅಂದಾಗ ನನಗೆ ಸುಮ್ಮನಿರಲಾಗುವುದಿಲ್ಲ. ತುಮಕೂರು ರಸ್ತೆಯ ಮಾಕಳಿಯವರಾದ ನಮಗೆ ಇಂಜೆಕ್ಷನ್ ಅಂದರೆ ಮೊದಲು ನೆನಪಾಗಬೇಕಾದದ್ದು ಲಾರಿ. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನೋಜಲ್ ತಯಾರಿಸತೊಡಗಿದ ಮೇಲೆ ಇಂಜೆಕ್ಷನ್ ಕಸುಬು ಬೆಂಗಳೂರಿನಲ್ಲಿ ಬೇರು ಬಿಟ್ಟಿತು. ನಮ್ಮದೋ ಪುಣೆಗೆ ಹೋಗುವ ಲಾರಿಗಳ ದಾರಿ. ನಾನು ಕೆಲಸ ಕಲಿತ ಕಡೆ ಮೇಸ್ತ್ರಿ ನೋಜಲನ್ನು ಟೆಸ್ಟರಿಗೆ ಸಿಕ್ಕಿಸಿ ಹಿಡಿ ಒತ್ತುತ್ತಿದ್ದರು. ಮುಳ್ಳು 200 ಬಾರ್ ಆಸುಪಾಸಿಗೆ ಬರುತ್ತಲೇ ಡೀಸೆಲ್ ಕಿರ್ರೆಂದು ಮಂಜಾಗಿ ಚಿಮ್ಮಬೇಕು. ತುದಿಯಲ್ಲಿ ಒಂದು ಹನಿ ನಿಂತರೂ "ಬಿಚ್ಚಯ್ಯ, ಇದು ಹೊಗೆ ಕಾರುತ್ತೆ" ಅನ್ನುತ್ತಿದ್ದರು.

ಬೈಕಿನ ಕಥೆ ಬೇರೆ. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ಹೊರತಂದ ಜಾವಾ, ಯೆಜ್ಡಿಗಳಿಗೆ ಕಾರ್ಬೊರೇಟರೇ ಗತಿ. ಸ್ಕ್ರೂ ತಿರುಗಿಸು, ಸದ್ದು ಕೇಳು, ಪ್ಲಗ್ ಬಿಚ್ಚಿ ನೋಡು. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬಿಳಿಚಿದ್ದರೆ ಗಾಳಿ ಜಾಸ್ತಿ, ಇಟ್ಟಿಗೆ ಬಣ್ಣ ಇದ್ದರೆ ಸರಿ.

2006ರಲ್ಲಿ ಹೀರೋ ಹೋಂಡಾ ಗ್ಲಾಮರ್‌ನಲ್ಲಿ ಇಂಜೆಕ್ಷನ್ ಬಂತು, ಮರುವರ್ಷ ಪಲ್ಸರ್ 220ರಲ್ಲಿ. ಅದೇ ಪಲ್ಸರ್ 2009ರಲ್ಲಿ ಮತ್ತೆ ಕಾರ್ಬೊರೇಟರಿಗೆ ಮರಳಿದಾಗ, ಇದು ನಮ್ಮ ರಸ್ತೆಗೆ ಒಗ್ಗದು ಎಂದವರೇ ಹೆಚ್ಚು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಕಡ್ಡಾಯವಾಗಿ ಹೆಚ್ಚಿನ ಬೈಕುಗಳು ಇಂಜೆಕ್ಷನ್ನಿಗೆ ತಿರುಗಿದ ಮೇಲೆ ಆ ಮಾತು ನಿಂತಿತು. ತಿರುಗಿಸಲು ಸ್ಕ್ರೂ ಇಲ್ಲದೆ ಎಷ್ಟೋ ಒಳ್ಳೆಯ ಕೈಗಳು ಕಸುಬು ಬಿಟ್ಟವು. ಆ ಸಂಕಟ ನನಗೆ ಇನ್ನೂ ಇದೆ, ಯಾಕೆಂದರೆ ಅವರು ಬಿಡಬೇಕಾಗಿರಲಿಲ್ಲ.

ಲೆಕ್ಕ ಬದಲಾಗಿಲ್ಲ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಪ್ಲಗ್ಗಿನ ಬಣ್ಣ ಹೇಳುತ್ತಿದ್ದದ್ದನ್ನು ಈಗ ಸೈಲೆನ್ಸರ್ ಬೆಂಡಿನ ಆಕ್ಸಿಜನ್ ಸೆನ್ಸರ್ ಹೇಳುತ್ತದೆ. ಥ್ರಾಟಲ್ ಎಷ್ಟು ತೆರೆದಿದೆ, ಇಂಜಿನ್ ಎಷ್ಟು ಬಿಸಿ, ಎಷ್ಟು ಸುತ್ತುತ್ತಿದೆ ಎಂದು ನೋಡಿ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ನೋಜಲನ್ನು ಕೆಲವು ಮಿಲಿಸೆಕೆಂಡು ತೆರೆದಿಡುತ್ತದೆ. ಒತ್ತಡ ಮಾತ್ರ ಸುಮಾರು 3 ಬಾರ್. ಒಂದೇ ವೇಗದಲ್ಲಿ ಹೋಗುವಾಗ ಸೆನ್ಸರ್ ಮಾತು ನಡೆಯುತ್ತದೆ. ಪೂರ್ತಿ ಥ್ರಾಟಲ್ ತಿರುವಿದರೆ ಇಸಿಯುನಲ್ಲಿ ಬರೆದಿಟ್ಟ ಪೆಟ್ರೋಲ್ ಲೆಕ್ಕದ ಪಟ್ಟಿ, ಅಂದರೆ ಮ್ಯಾಪೇ ಅಂತಿಮ. ಸೈಲೆನ್ಸರ್, ಫಿಲ್ಟರ್ ಬದಲಿಸಿದವರಿಗೆ ಆ ಮ್ಯಾಪ್ ತಿದ್ದಬೇಕಾಗುತ್ತದೆ, ನಿಜ. ಆದರೆ ಮೊದಲ ದಿನವೇ ಲ್ಯಾಪ್‌ಟಾಪ್ ತೆರೆಯುವುದು ತಪ್ಪು.

ಮೊನ್ನೆ ನೆಲಮಂಗಲದ ಹುಡುಗನೊಬ್ಬ, "ಅಣ್ಣ, ಐಡ್ಲಿಂಗ್ ನಿಲ್ತಿಲ್ಲ, ಮ್ಯಾಪ್ ಬದಲಿಸು ಅಂದವ್ರೆ" ಎಂದು ಬಂದ. ಸ್ಕ್ಯಾನರ್ ಹಾಕಿದರೆ ಇಸಿಯು ಒಂದೇ ಸಮನೆ ಪೆಟ್ರೋಲ್ ಹೆಚ್ಚಿಸುತ್ತಿತ್ತು. ಥ್ರಾಟಲ್ ಬಾಡಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಮೇಲೆ ಕ್ಲೀನರ್ ಸಿಂಪಡಿಸಿದೆ. ಇಂಜಿನ್ ಸದ್ದು ಥಟ್ಟನೆ ಬದಲಾಯಿತು. ರಬ್ಬರಿನ ಕೆಳಗಡೆ ಕೂದಲೆಳೆಯಷ್ಟು ಬಿರುಕು, ಅಲ್ಲಿಂದ ಗಾಳಿ ಕಳ್ಳದಾರಿ ಹಿಡಿದಿತ್ತು. ಹೊಸ ರಬ್ಬರ್ ಹಾಕಿ ಓಡಿಸಿದ ಮೇಲೆ ಪೆಟ್ರೋಲಿನ ಲೆಕ್ಕ ತಾನಾಗೇ ಸರಿಹೋಯಿತು. ಮ್ಯಾಪ್ ಮುಟ್ಟಲಿಲ್ಲ.