ಕುಮಟಾ ಹತ್ತಿ ಕುಮಟಾದಾಗ ಬೆಳೀತಿರಲಿಲ್ಲ

ಹಳೇ ವ್ಯಾಪಾರದ ಹಾದಿ ಅಂದ ಕೂಡಲೇ ರೇಷ್ಮೆ ರಸ್ತೆ, ಮರುಭೂಮಿ, ಒಂಟೆ ನೆನಪಾಗ್ತಾವ. ನಮ್ಮ ಅಗಡಿ, ಹಾವೇರಿ ಕಡೆ ಸರಕು ಹೊತ್ತಿದ್ದು ಒಂಟೆ ಅಲ್ಲ, ಹೇರೆತ್ತು. ಇವತ್ತು ಅವುಗಳ ಮಾತು.

ನಮ್ಮ ಹಾದಿಗಳೂ ಹಳೇವೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿವೆ. ಅಲ್ಲಿ ಸಮುದ್ರ ಎಲ್ಲಿದೆ? ಹಡಗಿನಿಂದ ಇಳಿದ ದುಡ್ಡು ಯಾರದೋ ಕೈಯಿಂದ ಕೈಗೆ, ನೆಲದ ಮೇಲೇ ಬಂದಿರಬೇಕು. ಮುಂದೆ ಐಹೊಳೆ ಹೆಸರಿನ ವರ್ತಕ ಸಂಘ ಬಂತು, ಐನೂರ್ವರು. ಸುಮಾತ್ರಾದ ಬರೂಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಇವರ ಹೆಸರಿದೆ. ಸಂಘ ಕಟ್ಟಿದವರ ಹೆಸರು ಕಲ್ಲಿನ ಮೇಲೆ ಉಳೀತು.

ಸರಕಿನ ಹೆಸರಿನದು ಬೇರೆಯೇ ತಮಾಷೆ. 19ನೇ ಶತಮಾನದಲ್ಲಿ ಪರದೇಶಕ್ಕೆ ಹೋಗ್ತಿದ್ದ ‘ಕುಮಟಾ ಹತ್ತಿ’ ಬೆಳೀತಿದ್ದದ್ದು ಧಾರವಾಡ ಸೀಮೆಯ ಎರೆ ಹೊಲದಾಗ. ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತಿದ್ದಕ್ಕೆ ಬಂದರಿನ ಹೆಸರು ಬಂತು. ಏಲಕ್ಕಿ ಇದಕ್ಕೆ ಉಲ್ಟಾ: ಬೆಳೆ ಮಲೆನಾಡಿನದು, ಹಾವೇರಿಯಲ್ಲಿ ನೊರೆಕಾಯಿ ನೀರಿನಾಗ ತೊಳೆದು ಬಿಳಿ ಮಾಡ್ತಿದ್ರು, ಹೆಸರು ಹಾವೇರಿಯದು. ಬ್ಯಾಡಗಿ ಮೆಣಸಿನಕಾಯಿಯ ಮೂಲವಂತೂ ಅಮೆರಿಕ. ಪೋರ್ಚುಗೀಸರು ತಂದ ಮೇಲೆ ನಮ್ಮದಾಯ್ತು. ಅಂದ್ರೆ ಬೆಳೆದ ಊರಿಗಿಂತ ಮಾರಿದ ಊರಿಗೇ ಹೆಸರು ಜಾಸ್ತಿ. ಕಾಮರ್ಸ್ ಓದಿದ ನಾನು ಇದಕ್ಕೆ ಬ್ರ್ಯಾಂಡಿಂಗ್ ಅಂತೀನಿ.

ಆದ್ರೆ ಹೊತ್ತವರು? ಹೇರೆತ್ತುಗಳ ಹಿಂಡು ಹೊಡ್ಕೊಂಡು ಘಟ್ಟ ಹತ್ತಿ ಇಳಿದವರಲ್ಲಿ ಲಂಬಾಣಿಗಳು ಮುಖ್ಯರು. ಹೋಗುವಾಗ ಬಯಲುಸೀಮೆಯ ಕಾಳುಕಡಿ, ಬರುವಾಗ ಕರಾವಳಿಯ ಉಪ್ಪು. ಅವರು ಬರದಿದ್ರೆ ನಮ್ಮ ರೊಟ್ಟಿ ಸಪ್ಪೆ! ಹೆಂಗಸರು, ಮಕ್ಕಳು, ನಾಯಿ ಸಮೇತ ಇಡೀ ಸಂಸಾರವೇ ಹಾದಿ ಮೇಲೆ. ದಂಡು ಹೊರಟಾಗ ಅದರ ಹಿಂದೆ ಧಾನ್ಯ ಸಾಗಿಸಿದವರೂ ಇವರೇ.

ಘಟ್ಟಕ್ಕೆ ಗಾಡಿ ರಸ್ತೆ ಆಯ್ತು. 1880ರ ದಶಕದಲ್ಲಿ ರೈಲು ಬಂತು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಹಳಿ ಮೇಲಿನ ಪೇಟೆಗಳಾದವು. ಎತ್ತಿನ ಬೆನ್ನಿನ ಹೇರು ವ್ಯಾಗನ್ನಿಗೆ ಹೋಯ್ತು. ಕೆಲಸ ಕಳ್ಕೊಂಡವರಿಗೆ ಸರ್ಕಾರ ಏನು ಕೊಡ್ತು ಗೊತ್ತಾ? ಅನುಮಾನ. ಊರೂರು ತಿರುಗುವವರೆಂದರೆ ಕಳ್ಳರು ಅನ್ನೋ ಲೆಕ್ಕ. ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಕಾಯ್ದೆಯನ್ನು ಹಲವು ಕಡೆ ಬಂಜಾರರ ಮೇಲೂ ಹೇರಿದರು. ಅದು ರದ್ದಾಗಿದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ.

ನಿಮ್ಮ ತಾಂಡಾದಲ್ಲಿ ಹೇರಿನ ಹಾದಿ, ಬೀಡು ಬಿಡ್ತಿದ್ದ ಜಾಗ, ಎತ್ತಿನ ಹೆಸರು ಕೇಳಿ ತಿಳಿದ ಹಿರಿಯರಿದ್ದರೆ ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸ್ರಿ. ಗೋರ್‌ಬೋಲಿಯಲ್ಲಿ ಹೇಳಿದರೂ ನಡೀತದ. ಮುಂದಿನ ಕಂತು ಅದರ ಮೇಲೇ.